ಹಿಂದಕ್ಕೆ ತಿರುಗಿದ ಮೀಟರು

"ಕಾರು ತಗೊಂಡು ಹೋಗಪ್ಪಾ. ಮೀಟರು ಮಾತ್ರ ತಿರುಗಿಸಬೇಡ."

ಮಾರುವ ಹೆಂಗಸು ಹೊಸ್ತಿಲು ದಾಟದೆ ಹೇಳಿದಳು. ದಲ್ಲಾಳಿಗೆ ನಗು ಬಂತು. ಹಳೇ ಕಾರಿನ ವ್ಯಾಪಾರಕ್ಕೆ ಅವನು ಹೊಸಬ. ಆದರೂ ಓಡಿದ ಕಿಲೋಮೀಟರು ತಗ್ಗಿಸಿ ತೋರಿಸದೆ ಈ ಕಸುಬಿನಲ್ಲಿ ಅನ್ನ ಹುಟ್ಟದೆಂದು ಬಂದ ವಾರದಲ್ಲೇ ಕಲಿತಿದ್ದ.

"ಯಾಕಮ್ಮಾ, ಕಚ್ಚುತ್ತಾ?"

"ನಮ್ಮ ಡ್ರೈವರು ಬೆನ್ನು ಮುರ್ಕೊಂಡು ಓಡಿಸಿದ ಗಾಡಿ. ನೀನು ಇಷ್ಟೆಲ್ಲ ಓಡಿಸೇ ಇಲ್ಲ ಅಂತ ನಮ್ಮ ಯಜಮಾನ್ರು ಮೀಟರು ತಿರುಗಿಸಿ ಸಂಬಳ ಹಿಡಿದ್ರು. ಅವನು ಮಾಟ ಮಾಡಿಟ್ಟು ಹೋದ. ಮಾರೋಣ ಅಂತ ಇವ್ರು ಇನ್ನೊಂದ್ಸಲ ತಿರುಗಿಸಿದ್ರು. ಗಾಡಿ ಸವೆತ ಅಳಿಸಿದೋರ ಮಕ್ಕಳು ಸವೀತಾರೆ."

ಒಳಗೆ ಮಂಚದ ಮೇಲೆ ಮುದುಕನೊಬ್ಬ ಕೆಮ್ಮಿದ.

"ನಿಮ್ಮ ತಂದೆಯವ್ರಾ?"

"ಮಗ."

ಪಾಪ, ತಲೆ ಕೆಟ್ಟಿದೆ ಎಂದುಕೊಂಡು ದಲ್ಲಾಳಿ ಕೀಲಿ ಇಸಿದುಕೊಂಡ. ಹೊಸದರಲ್ಲಿ ಬಂಗಲೆಯ ಬೆಲೆಯಿದ್ದ ಕಾರು ಈಗ ಹಿತ್ತಲಿನ ಬೆಲೆಗೆ ಸಿಕ್ಕಿತ್ತು.

"ಆನೆ ಅಗ್ಗ ಅಂತ ತಂದ್ರೆ ಮೇವಿಗೆ ಮನೆ ಮಾರ್ಬೇಕಾಗುತ್ತೆ ರೀ," ಎಂದಳು ಮನೆಯಲ್ಲಿ ಅವನ ಹೆಂಡತಿ.

"ಮಾರೋ ಆನೆ ಕಣೇ. ಮೇಯ್ಸೋನು ಬೇರೆಯವ್ನು."

ಮಧ್ಯಾಹ್ನ ಶೆಡ್ಡಿನ ಶಟರ್ ಎಳೆದ. ಒಳಗೆ ಕತ್ತಲೆ, ಹಳೇ ಎಣ್ಣೆಯ ಕಮಟು. ಶಾಲೆ ಬಿಟ್ಟು ಬಂದ ಮಗಳು ಪುಟ್ಟಿ ಹಿಂದಿನ ಸೀಟಿನಲ್ಲಿ ಕಾಲಾಡಿಸುತ್ತ ಹಾಡಿಕೊಳ್ಳುತ್ತಿದ್ದಳು. ಮೀಟರಿನ ಫಲಕ ಬಿಚ್ಚಿದಾಗ ಒಂದು ಗಂಟು ಬೆರಳಿಗೆ ತಗುಲಿತು. ನರೆಗೂದಲು, ಸುತ್ತ ಕಪ್ಪು ದಾರ. ಥೂ ಎಂದು ಮೂಲೆಗೆಸೆದು ಅಂಕಿ ಇಳಿಸುವ ಯಂತ್ರದ ವೈರನ್ನು ಮೀಟರಿಗೆ ಚುಚ್ಚಿದ.

ಅಂಕಿ ಇಳಿಯತೊಡಗಿತು.

ಸುಟ್ಟ ಕೂದಲ ವಾಸನೆ ಬಂತು. ಆಮೇಲೆ ಹೊಸ ಚರ್ಮದ ಘಮ. ಸೀಟಿನ ಬಿರುಕುಗಳು ಅವನ ಕಣ್ಣೆದುರೇ ಕೂಡಿಕೊಂಡವು. ಬಾಗಿಲ ಗೀರು ಮಾಯವಾಯಿತು. ಅವನು ಬೆರಗಾದ. ವರ್ಷವರ್ಷಕ್ಕೂ ಬೆಲೆ ಕಳೆದುಕೊಂಡ ಕಾರು ಅದನ್ನೆಲ್ಲ ವಾಪಸು ತರುತ್ತಿತ್ತು!

ಹಿಂದೆ ಹಾಡು ಒಡೆಯಿತು. ಗೊಗ್ಗರಾಯಿತು. ನಿಂತಿತು.

"ಅಪ್ಪಾ... ಮೊಣಕಾಲು ನೋಯ್ತಿದೆ."

ತಿರುಗಿದ. ಶಾಲೆಯ ಅಂಗಿ. ಎರಡು ಜಡೆ. ಜಡೆ ಬೆಳ್ಳಗೆ. ಗಲ್ಲದಲ್ಲಿ ಸುಕ್ಕು. ಕಣ್ಣು ಮಾತ್ರ ಪುಟ್ಟಿಯದು.

ವೈರು ಕಿತ್ತ. ಮತ್ತೆ ಚುಚ್ಚಿದ. ಅಂಕಿ ಏರಲಿಲ್ಲ. ಶಟರ್ ಎತ್ತಿದ. ಕಾರು ಹೊರಗೆ ಬಂತು. ಓಡಿತು. ಆಗ ಅಂಕಿ ಏರಿತು. ಊರಾಚೆ ಹೋಗುವಷ್ಟರಲ್ಲಿ ಅವಳ ಒಂದೇ ಒಂದು ಕೂದಲು ಕಪ್ಪಾಗಿತ್ತು.

ಅಂದಿನಿಂದ ಓಡಿಸುತ್ತಲೇ ಇದ್ದಾನೆ. ಮೈ ಹೊಸದಾದರೂ ಕಾರಿನ ಹಸಿವು ಹಳೆಯದೇ. ಪೆಟ್ರೋಲಿಗೆ ಹೆಂಡತಿಯ ಬಳೆ ಹೋಯಿತು. ಟೈರಿಗೆ ಅಂಗಡಿ. ಗೇರ್‌ಬಾಕ್ಸು ಕೆಟ್ಟಾಗ ಮನೆ. ಹೆಂಡತಿ ಆನೆಯ ಮಾತು ಮತ್ತೆ ಎತ್ತಲಿಲ್ಲ. ಮನೆಯ ಕೀಲಿಯನ್ನು ಕೊಂಡವನ ಕೈಗಿಟ್ಟಳು, ಅಷ್ಟೆ. ಇನ್ನು ಮಾರಲು ಏನೂ ಉಳಿದಿಲ್ಲ. ಪುಟ್ಟಿಯ ಒಂದು ಜಡೆ ಕಪ್ಪಾಗಿದೆ. ಇನ್ನೊಂದು ಇನ್ನೂ ಬೆಳ್ಳಗೇ ಇದೆ.

"ಅಪ್ಪಾ," ಹಿಂದಿನಿಂದ ಮುದಿ ದನಿ, "ಇನ್ನೂ ಎಷ್ಟು ದೂರ?"

ಅವನು ಮೀಟರು ನೋಡಿದ. ಪಕ್ಕದಲ್ಲಿ ಪೆಟ್ರೋಲು ಮುಗಿಯಿತೆನ್ನುವ ಕೆಂಪು ದೀಪ ಹತ್ತಿತು. ಎಂಜಿನ್ನು ಕೆಮ್ಮಿತು. ಆ ಹೆಂಗಸಿನ ಮನೆಯ ಮಂಚದಿಂದ ಕೇಳಿದ್ದ ಅದೇ ಕೆಮ್ಮು.

ಕಾರು ನಿಂತಿತು.