ಗೊರಕೆ ನಿಂತ ಮಧ್ಯಾಹ್ನ

"ಸಿಸ್ಟರ್, ಮಗು ಗೊರಕೆ ಹೊಡೀತಿಲ್ಲ!"

ನರ್ಸ್ ಫೈಲಿನಿಂದ ತಲೆ ಎತ್ತಿದಳು. ಕಣ್ಣಂಚಿನಲ್ಲಿ ನಗು ಇಣುಕಿತು. "ಗೊರಕೆ ನಿಲ್ಲಲಿ ಅಂತಾನೇ ಅಲ್ವಾ ಟಾನ್ಸಿಲ್ ತೆಗೆಸಿದ್ದು? ಈಗೇನು, ಡಂಗುರ ಹೊಡೆಸ್ಲಾ?"

ಬೇರೆ ದಿನವಾಗಿದ್ದರೆ ಆ ನಗುವಿಗೇ ಅವನು ನೀರಾಗಿ ಹೋಗುತ್ತಿದ್ದ. ಹೋದ ತಿಂಗಳು ಈ ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡಿದ್ದವನು ಅವನೇ. ಇಡೀ ಆಸ್ಪತ್ರೆ 'ಲಿಫ್ಟಣ್ಣ' ಅಂದರೆ, ಇವಳೊಬ್ಬಳು ಮಾತ್ರ 'ಲಿಫ್ಟಿನವರೇ' ಅನ್ನುತ್ತಿದ್ದಳು. ಆ 'ಅಣ್ಣ'ನನ್ನು ಬೇಕಂತಲೇ ನುಂಗಿದ್ದಾಳೆ ಅಂತ ಅವನಿಗೆ ಗೊತ್ತು. ಅವನಿಗೆ ಗೊತ್ತು ಅಂತ ಅವಳಿಗೂ ಗೊತ್ತು. ಕೆಲಸ ಮುಗಿದ ಮೇಲೂ ಸಡಿಲವಾಗದ ಸ್ಕ್ರೂ ಬಿಗಿ ಮಾಡುತ್ತಾ ಎರಡು ದಿನ ತಳ್ಳಿದ್ದ.

ಇವತ್ತು ಅವನ ಕಣ್ಣು ಮಂಚ ಬಿಟ್ಟು ಕದಲಲಿಲ್ಲ. ಮಂಚದ ಮೇಲೆ ಅಕ್ಕನ ಮಗಳು, ನಾಲ್ಕು ವರ್ಷದ ಗುಬ್ಬಿ. ಮೂಗಿಗೆ ಆಕ್ಸಿಜನ್ ನಳಿಗೆ, ಬೆರಳಿಗೆ ಕ್ಲಿಪ್ಪು. ಪಕ್ಕದ ಪೆಟ್ಟಿಗೆ ಹಸಿರು ಅಕ್ಷರದಲ್ಲಿ ತೊಂಬತ್ತಾರು ಅನ್ನುತ್ತಿತ್ತು. ಆದರೆ ಮಗುವಿನ ಎದೆ ಏಳುವ ಬದಲು ಒಳಕ್ಕೆ ಹೋಗುತ್ತಿತ್ತು, ಕಾಣದ ಕೈಯೊಂದು ಒಳಗಿನಿಂದ ಚರ್ಮ ಹಿಡಿದು ಜಗ್ಗಿದ ಹಾಗೆ. ಕಿಟಕಿ ತುಂಬ ಬಿಸಿಲು. ಪರದೆ ಅಲುಗುತ್ತಿಲ್ಲ. ಸದ್ದು? ಇಲ್ಲ. ಎಳ್ಳಷ್ಟೂ ಇಲ್ಲ.

"ಆ ಹಾಳು ನಂಬರ್ ಬಿಡ್ರೀ! ಎದೆ ನೋಡಿ, ಎದೆ!"

ಅವಳ ನಗು ಆರಿತು. ಓಡಿಬಂದು ಮಗುವಿನ ಬಾಯೆದುರು ಅಂಗೈ ಒಡ್ಡಿದಳು. ಏನೂ ತಾಕಲಿಲ್ಲ. "ಆಕ್ಸಿಜನ್ ಹಾಕಿದ್ರೆ ನಂಬರ್ ತಡವಾಗಿ ಇಳಿಯುತ್ತೆ," ಅಂತ ತನಗೆ ತಾನೇ ಅಂದುಕೊಂಡಳು. ಅನ್ನುತ್ತಿದ್ದಂತೆಯೇ ಅದು ಇಳಿಯಿತು. ಪೆಟ್ಟಿಗೆ ಕಿರುಚಿಕೊಂಡಿತು.

ಅವಳು ಗಂಟೆ ಒತ್ತಿದಳು, ಮಗುವಿನ ದವಡೆ ಮುಂದಕ್ಕೆತ್ತಿದಳು, ಮುಖಕ್ಕೆ ಮಾಸ್ಕ್ ಕೂರಿಸಿ ಗಾಳಿಚೀಲ ಹಿಸುಕಿದಳು. ಗುಬ್ಬಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರು ಬಂದರು. "ಮುಂಚೆ ನಿದ್ದೇಲಿ ಉಸಿರು ನಿಲ್ತಿತ್ತಾ?"

"ಇಲ್ಲ ಸರ್," ಅಂದಳು ನರ್ಸ್. "ಫಾರಂನಲ್ಲಿ ಇಲ್ಲ ಅಂತಿದೆ."

"ನಿಲ್ತಿತ್ತು," ಅಂದ ಅವನು. "ದಿನಾ."

ಚೀಲ ಹಿಸುಕುತ್ತಿದ್ದ ಅವಳ ಕೈ ನಿಲ್ಲಲಿಲ್ಲ. ಕಣ್ಣು ಮಾತ್ರ ಒಮ್ಮೆ ಅವನ ಕಡೆ ತಿರುಗಿತು.

ಕೊನೆಗೆ ಮುರುಕು ಬಾಗಿಲು ಕಿರುಗುಟ್ಟಿದಂಥ ಒಂದು ಉಸಿರು ಬಂತು.

ಗುಬ್ಬಿಯನ್ನು ನಿಗಾ ಕೋಣೆಗೆ ಹಾಕಿದರು. ಮನೆಯಲ್ಲಿದ್ದ ಹಸಿಬಾಣಂತಿ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿ, ಅತ್ತು, ಬೈಸಿಕೊಂಡು ಅವನು ಒಳಗೆ ಬಂದ. ನರ್ಸ್ ಮಗುವಿನ ಪಕ್ಕದಲ್ಲೇ ಇದ್ದಳು.

"ನಾನೇ ಕೇಳಿದ್ದೆ. ನನ್ನ ಮುಖ ನೋಡ್ಕೊಂಡು ಇಲ್ಲ ಅಂದ್ರಿ."

"ಹೌದು ಅಂದಿದ್ರೆ ನಿದ್ದೆ ಪರೀಕ್ಷೆ, ದೊಡ್ಡಾಸ್ಪತ್ರೆ, ಮೂರು ತಿಂಗಳು ಕಾಯಿರಿ ಅಂತಿದ್ರು. ಅಕ್ಕ ನೆಟ್ಟಗೆ ನಿದ್ದೆ ಮಾಡಿ ವರ್ಷ ಆಯ್ತು. ನಿಮ್ಮ ಕೈಲಿರ್ತಾಳಲ್ಲ ಅಂತ ಧೈರ್ಯ ಮಾಡ್ದೆ."

"ನನ್ನ ಕಣ್ಣು ಕಟ್ಟಿ ಕೈಗೆ ಮಗು ಕೊಟ್ರಿ. ಗೊತ್ತಿದ್ರೆ ಉಸಿರು ತಗ್ಗಿಸೋ ಆ ನೋವಿನ ಔಷಧಿನೂ ಕಡಿಮೆ ಕೊಡ್ತಿದ್ರು, ಶುರುವಿಂದ ಇಲ್ಲೇ ಮಲಗಿಸ್ತಿದ್ರು. ನಿಮ್ಮ ಧೈರ್ಯಕ್ಕೆ ಬೆಂಕಿ ಹಾಕ!"

"ಬೈಯಿರಿ."

"ಬೈಯೋಕೆ ಒಂದಿನ ಸಾಲಲ್ಲ."

"ಹಾಗಾದ್ರೆ ದಿನಾ ಬರ್ತೀನಿ. ನೀವು ಇಷ್ಟ, ಸಿಸ್ಟರ್. ಇದು ಹೇಳೋ ಹೊತ್ತಲ್ಲ, ಗೊತ್ತು. ಆದ್ರೆ ಇನ್ಮೇಲೆ ನಿಮ್ಮತ್ರ ಏನೂ ಮುಚ್ಚಿಡಲ್ಲ."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕೋಣೆ ಮತ್ತೆ ಹೆಪ್ಪುಗಟ್ಟಿತು. ಗುಬ್ಬಿಯ ಉಸಿರು ಕೇಳಲಿಲ್ಲ.

ಇಬ್ಬರೂ ಒಟ್ಟಿಗೇ ಬಾಗಿದರು. ಅವಳ ಅಂಗೈ, ಅದರ ಪಕ್ಕದಲ್ಲೇ ಅವನ ಅಂಗೈ. ಹಣೆಗೆ ಹಣೆ ತಾಗುವಷ್ಟು ಹತ್ತಿರ. ಯಾರೂ ರೆಪ್ಪೆ ಬಡಿಯಲಿಲ್ಲ. ಅವಳ ಇನ್ನೊಂದು ಕೈ ಆಗಲೇ ಮಾಸ್ಕ್ ಹಿಡಿದಿತ್ತು.

ಬೆಚ್ಚನೆಯ ಗಾಳಿ, ಎರಡೂ ಕೈಗೆ ತಾಕಿತು.

ಅವಳು ಕೈ ತೆಗೆಯಲಿಲ್ಲ. ಕಿರುಬೆರಳು ಅವನ ಬೆರಳಿಗೆ ಒರಗಿತು.

"ದಿನಾ ಬನ್ನಿ," ಅಂದಳು, ಮಗುವಿನ ಮೇಲಿಂದ ಕಣ್ಣು ಕೀಳದೆ. "ಸುಳ್ಳನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ."