ಹನ್ನೊಂದು ಹದಿನಾಲ್ಕು, ಬರ್ಕೊಳ್ಳಿ

ಹನ್ನೆರಡನೇ ತಾರೀಕು ಗುರುವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಠಾಣೆಗೆ ಬಂದದ್ದು ಒಂದು ಮೊಬೈಲ್ ಕಳವಿನ ದೂರು. ಮೊಬೈಲ್ ಹೋಯಿತೆಂದರೆ ಠಾಣೆಯಲ್ಲಿ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಎಲ್ಲರೂ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಅಭ್ಯಾಸಬಲದಿಂದ ಕೇಳಿದ: "ಬಸ್ಸಲ್ಲಾ, ಮಾರ್ಕೆಟ್ಟಲ್ಲಾ?"

"ಹೆರಿಗೆ ಕೋಣೇಲಿ ಸಾರ್."

ಮೀಸೆ ಪೆನ್ನು ಕೆಳಗಿಟ್ಟು ಅವನನ್ನು ಇನ್ಸ್‌ಪೆಕ್ಟರ್ ಮೇಡಂ ಎದುರು ಕೂರಿಸಿದ.

ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಉಗುರುಸಂದಿಯಲ್ಲಿ ಎಣ್ಣೆಯ ಕಪ್ಪು. ಹೆಂಡತಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. "ನಮ್ಮ ಮಗು ಹುಟ್ಟೋದನ್ನ ನೋಡೋಕೆ ಯಾರೂ ಬರಲ್ಲ, ನಾವೇ ವಿಡಿಯೋ ಮಾಡಿಟ್ಕೊಂಡು ನೋಡ್ಕೊಳ್ಳೋಣ ಅಂದ್ಲು ಮೇಡಂ. ಹೆರಿಗೆ ಹೊತ್ತಲ್ಲಿ ಒಳಗೆ ಗಂಡಸರನ್ನ ಬಿಡಲ್ಲ. ಮೊದಲೇ ಹೋಗಿ ಫೋನ್ ಆನ್ ಮಾಡಿ ಕಿಟಕಿ ಪಕ್ಕದ ಹಲಗೆಗೆ ಅಂಟಿಸಿ ಕೆಳಗಿನ ಮಹಡಿಗೆ ಬಂದು ಕೂತೆ. ಮಗೂನ ಇನ್ನೊಂದು ವಾರ್ಡಿಗೆ ಓಡಿಸಿದ್ರು, ನಾನೂ ಹಿಂದೆ ಓಡಿದೆ. ವಾಪಸ್ ಬಂದು ನೋಡಿದ್ರೆ ಫೋನಿಲ್ಲ."

"ಯಾವತ್ತು?"

"ಆರನೇ ತಾರೀಕು."

"ಇವತ್ತು ಯಾಕೆ ಬಂದ್ರಿ?"

ಅವನು ಮೇಜನ್ನೇ ನೋಡಿದ. "ಮಗೂಗೆ ಬಲಗೈ ಎತ್ತೋಕಾಗಲ್ಲ. ಭುಜದ ನರ ಎಳೆದುಹೋಗಿದೆಯಂತೆ. ನೀನು ಸರಿಯಾಗಿ ಮುಕ್ಕಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಡಾಕ್ಟ್ರು ಅವಳಿಗೇ ಅಂದ್ರು. ನೋವಲ್ಲಿ ಏನಾಯ್ತು, ಯಾರಿದ್ರು, ಅವಳಿಗೊಂದೂ ನೆನಪಿಲ್ಲ. ಅವತ್ತಿಂದ ಮಗೂನ ಕೈಗೆ ತಗೊಂಡಿಲ್ಲ. ಹಾಲು ಕುಡಿಸೋವಾಗ್ಲೂ ನಾನೇ ಹಿಡ್ಕೋಬೇಕು. ಫೋನ್ ಹಾಳಾಗೋಗ್ಲಿ ಮೇಡಂ, ಆ ವಿಡಿಯೋ ಬೇಕು."

ಇನ್ಸ್‌ಪೆಕ್ಟರ್ ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಿಸಿದಳು. ಇಂಥ ದೂರನ್ನು ಇನ್ನೊಬ್ಬರಾದರೆ ಕಡತದ ತಳಕ್ಕೆ ತಳ್ಳುತ್ತಿದ್ದರು. ಆದರೆ ಯಾರೂ ನೋಡಲು ಬರುವುದಿಲ್ಲ ಎಂಬ ಮಾತು ಅವಳಿಗೆ ಚುಚ್ಚಿತ್ತು. ಆರು ವರ್ಷದಿಂದ ಅವಳ ಮನೆಯಲ್ಲಿ ಬಾಗಿಲು ಬಡಿಯುವುದೂ ಅವಳೇ, ತೆಗೆಯುವುದೂ ಅವಳೇ.

ಹನ್ನೆರಡು ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಒಂದು ಹೆರಿಗೆ ಮಂಚ, ಅದರ ತಲೆದಿಕ್ಕಿನ ಗೋಡೆಯಲ್ಲಿ ಗಡಿಯಾರ, ಎದುರಿಗೆ ಕಿಟಕಿ. ಕಿಟಕಿ ಪಕ್ಕದ ಹಲಗೆಯ ಮೇಲೆ ಗಾಯಕ್ಕೆ ಅಂಟಿಸುವ ಬಿಳಿ ಟೇಪಿನ ಎರಡು ತುಂಡು ಇನ್ನೂ ಉಳಿದಿದ್ದವು. ಎರಡರ ತುದಿಯೂ ಕತ್ತರಿಯಲ್ಲಿ ನೇರ ಕತ್ತರಿಸಿದಂತಿತ್ತು.

ರಿಜಿಸ್ಟರಿನಲ್ಲಿ ಬರೆದಿತ್ತು: ತಲೆ 11.14, ಮಗು 11.15, ಡಾಕ್ಟರು ಹಾಜರು.

"ನೀವಿದ್ರಾ?" ಇನ್ಸ್‌ಪೆಕ್ಟರ್ ಡಾಕ್ಟರನ್ನು ಕೇಳಿದಳು.

"ಸಹಿ ಇದೆಯಲ್ಲ."

"ಸಹಿ ನೋಡಿದೆ. ನೀವಿದ್ರಾ?"

"ಇದ್ದೆ. ಆ ಕೋಣೆಗೆ ಮೊಬೈಲ್ ಬಿಡೋದೇ ಇಲ್ಲ." ಡಾಕ್ಟರು ಕೈಗಡಿಯಾರ ನೋಡಿಕೊಂಡರು.

ಹೆರಿಗೆ ಮಾಡಿಸಿದ ಸಿಸ್ಟರಿಗೆ ಐವತ್ತರ ಹತ್ತಿರ ವಯಸ್ಸು. ಜೇಬಿಗೆ ದಾರ ಕಟ್ಟಿ ಇಳಿಬಿಟ್ಟ ಸಣ್ಣ ಕತ್ತರಿ.

"ಫೋನ್ ನೋಡಿದ್ರಾ?"

"ಇಲ್ಲ."

"ಕಿಟಕಿ ಹತ್ರ ಇತ್ತಂತೆ."

"ಹೆರಿಗೆ ಮಾಡಿಸೋಳು ಕಿಟಕಿ ನೋಡ್ತಾ ನಿಂತ್ಕೊಳ್ತಾಳಾ ಮೇಡಂ?"

ಜೀಪಿಗೆ ಬಂದವಳೇ ಇನ್ಸ್‌ಪೆಕ್ಟರ್ ಠಾಣೆಗೆ ಫೋನ್ ಮಾಡಿ, ಅಲ್ಲೇ ಕಾದಿದ್ದ ಮಗುವಿನ ತಂದೆಗೆ ಕೊಡಲು ಹೇಳಿದಳು. ಟೇಪು ಎಲ್ಲಿಂದ ಬಂತು?

"ಸಿಸ್ಟರೇ ಕತ್ತರಿಸಿ ಕೊಟ್ರು. ಇಲ್ಲಿಟ್ರೆ ಬರೀ ಮುಖ ಬರುತ್ತೆ, ಮರ್ಯಾದೆಯಾಗಿರುತ್ತೆ ಅಂತ ಜಾಗಾನೂ ಅವರೇ ತೋರಿಸಿದ್ರು. ಒಳ್ಳೇವ್ರು ಮೇಡಂ."

"ಫೋನ್ ನೋಡೇ ಇಲ್ಲ ಅಂದ್ರಲ್ಲ ಮೇಡಂ," ಎಂದ ಮೀಸೆ.

ಮೂರು ಗಂಟೆಗೆ ಮಹಿಳಾ ಪೇದೆಯನ್ನೂ ಪಂಚರನ್ನೂ ಕರೆದುಕೊಂಡು ಸಿಸ್ಟರ ಕ್ವಾರ್ಟರ್ಸಿಗೆ ಹೋದರು. ಒಂದು ಮಂಚ, ಒಂದು ಕುರ್ಚಿ, ತೊಳೆದು ಬೋರಲು ಹಾಕಿದ ಒಂದೇ ಒಂದು ತಟ್ಟೆ. ಇನ್ಸ್‌ಪೆಕ್ಟರಿಗೆ ತನ್ನ ಮನೆಯನ್ನೇ ಶೋಧಿಸುತ್ತಿರುವಂತೆ ಅನಿಸಿತು. ಟ್ರಂಕಿನಲ್ಲಿ, ಹಳೆಯ ಸಮವಸ್ತ್ರಗಳ ಅಡಿಯಲ್ಲಿ, ಮಗುವಿಗೆ ಸುತ್ತುವ ಬಟ್ಟೆಯಲ್ಲಿ ಫೋನು ಸಿಕ್ಕಿತು.

ಸಿಸ್ಟರ್ ಮಂಚದ ಅಂಚಿನಲ್ಲಿ ಕೂತಳು. "ಅದರಲ್ಲಿ ನನ್ನ ಕೈ ಇದೆ ಮೇಡಂ. ಮಗೂನ ಎಳೆದ ಕೈ."

"ನೋಡಿದ್ರಾ?"

"ಹೆಂಗ್ ನೋಡ್ಲಿ? ಲಾಕ್ ಆಗಿತ್ತು. ಆಫ್ ಮಾಡಿ ಇಟ್ಬಿಟ್ಟೆ."

ನಾಲ್ಕು ನಲವತ್ತಕ್ಕೆ ಠಾಣೆಯಲ್ಲಿ ಪಂಚರ ಎದುರು ತಂದೆಯೇ ಫೋನು ಗುರುತಿಸಿ ಲಾಕ್ ತೆಗೆದ. ಬಾಣಂತಿ ಗೋಡೆಗೊರಗಿ ಕೂತಿದ್ದಳು. ಮಗು ಗಂಡನ ಹೆಗಲ ಮೇಲಿತ್ತು. ಸಿಸ್ಟರ್ ಪೇದೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

ವಿಡಿಯೋದಲ್ಲಿ ಅವಳ ಕೈ ಎಲ್ಲಿಯೂ ಇರಲಿಲ್ಲ. ಇದ್ದದ್ದು ತಾಯಿಯ ಮುಖ, ಮೇಲೆ ಗೋಡೆ ಗಡಿಯಾರ. ಮರ್ಯಾದೆಯಾಗಿರಲಿ ಎಂದು ತಾನೇ ತೋರಿಸಿದ ಜಾಗವನ್ನು ಸಿಸ್ಟರ್ ಗಾಬರಿಯಲ್ಲಿ ಮರೆತೇ ಬಿಟ್ಟಿದ್ದಳು. ದನಿ ಮಾತ್ರ ಅವಳದು.

"ತಲೆ ಹೊರಗೆ. ಹನ್ನೊಂದು ಹದಿನಾಲ್ಕು. ಬರ್ಕೊಳ್ಳಿ."

ಹೆರಿಗೆ ಕೋಣೆಯ ಪದ್ಧತಿ ಅದು. ಕೈ ಬಿಡುವಿಲ್ಲದವರು ಸಮಯ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಆ ಕೋಣೆಯಲ್ಲಿ ಇನ್ನೊಬ್ಬರು ಇರಲಿಲ್ಲ.

"ಭುಜ ಸಿಕ್ಕಿಹಾಕ್ಕೊಂಡಿದೆ. ಡಾಕ್ಟ್ರೇ! ಯಾರಾದ್ರೂ ಬನ್ನಿ!... ಚೆನ್ನಾಗಿ ಮುಕ್ತಿದ್ದೀಯ ತಾಯಿ, ನಿನ್ನದೇನೂ ತಪ್ಪಿಲ್ಲ... ಯಾರಾದ್ರೂ ಬನ್ರೋ!"

ಏಳು ಸಲ ಕರೆದಳು. ಮೀಸೆ ಹಾಳೆಯ ಅಂಚಿನಲ್ಲಿ ಗೆರೆ ಹಾಕಿ ಎಣಿಸುತ್ತಿದ್ದ. ಬಾಗಿಲು ತೆರೆದ ಸದ್ದು ಒಂದು ಸಲವೂ ಕೇಳಲಿಲ್ಲ.

"ಮಗು ಹೊರಗೆ. ಹನ್ನೊಂದು ಹತ್ತೊಂಬತ್ತು. ಬರ್ಕೊಳ್ಳಿ."

ಆಮೇಲೆ ಮಗುವಿನ ಅಳು. ಬಾಣಂತಿ ನಿಧಾನಕ್ಕೆ ಎದ್ದು ಸಿಸ್ಟರ ಮುಂದೆ ಬಂದು ನಿಂತಳು.

"ನಾನು ಸರಿಯಾಗೇ ಮುಕ್ಕಿದ್ನಾ ಅಕ್ಕಾ?"

"ಸರಿಯಾಗೇ ಮುಕ್ಕಿದೆ ಕಣಮ್ಮ. ಆರು ದಿನ ಆ ಮಾತು ನಿನ್ನಿಂದ ಕಿತ್ಕೊಂಡು ಟ್ರಂಕಲ್ಲಿಟ್ಟೆ."

ಬಾಣಂತಿ ಕ್ಷಮಿಸಿದೆ ಎನ್ನಲಿಲ್ಲ. ತಿರುಗಿ ಗಂಡನ ಹೆಗಲಿಂದ ಮಗುವನ್ನು ತೆಗೆದುಕೊಂಡಳು. ಸೋತ ಪುಟ್ಟ ಬಲಗೈಯನ್ನು ಮೆಲ್ಲಗೆ ತನ್ನ ಸೆರಗಿನೊಳಗೆ ಸೇರಿಸಿಕೊಂಡಳು.

ಐದು ಇಪ್ಪತ್ತೈದಕ್ಕೆ ಸಿಸ್ಟರ ಬಂಧನ. ಕಳವು, ಸಾಕ್ಷ್ಯ ಮರೆಮಾಚಿದ್ದು. ಅವಳ ಹೇಳಿಕೆ ಅರ್ಧ ಹಾಳೆಯಷ್ಟೇ. ಡಾಕ್ಟರು ಎದುರಿನ ತಮ್ಮ ಕ್ಲಿನಿಕ್ಕಿನಲ್ಲಿದ್ದರು, ಹನ್ನೊಂದು ನಲವತ್ತಕ್ಕೆ ಬಂದು, ಭುಜ ಸಿಕ್ಕಿಕೊಂಡ ಐದು ನಿಮಿಷವನ್ನು ಒಂದೇ ನಿಮಿಷವೆಂದು ಬರೆಸಿ ಸಹಿ ಹಾಕಿದರು. ಇಪ್ಪತ್ತೆರಡು ವರ್ಷದ ಕೆಲಸ ಹೋದರೆ ಕ್ವಾರ್ಟರ್ಸಿನ ಕೋಣೆಯೂ ಹೋಗುತ್ತದೆ, ಅದು ಬಿಟ್ಟರೆ ತನಗೆ ಮನೆಯಿಲ್ಲ, ತನ್ನ ಪರವಾಗಿ ಮಾತಾಡುವವರೂ ಇಲ್ಲ ಎಂದುಕೊಂಡಳು. ಮಾತಾಡುವ ಒಂದೇ ಸಾಕ್ಷಿಯನ್ನು ತಾನೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ಸುಳ್ಳು ದಾಖಲೆಗಾಗಿ ಡಾಕ್ಟರ ಮೇಲೆ ಬೇರೆ ಎಫ್‌ಐಆರ್ ಆಯಿತು. ಕರೆತರಲು ಮೀಸೆ ಜೀಪು ತೆಗೆದುಕೊಂಡು ಹೋದ. ಫೋನಿಗೆ ಸೀಲ್ ಹಾಕಿ ಇನ್ಸ್‌ಪೆಕ್ಟರ್ ಪಂಚನಾಮೆ ಬರೆಯಲು ಕೂತಳು.

ಬೆಂಚಿನಿಂದ ಸಿಸ್ಟರ್ ಮೆಲ್ಲಗೆ ಕೇಳಿದಳು: "ಮೇಡಂ, ಸಮಯ ಬರ್ಕೊಂಡ್ರಾ?"

"ಬರ್ಕೊಂಡೆ. ಹನ್ನೊಂದು ಹದಿನಾಲ್ಕು, ಹನ್ನೊಂದು ಹತ್ತೊಂಬತ್ತು."

ಸಿಸ್ಟರ್ ಹೂಂ ಅಂದಳು. ಆರು ದಿನಗಳಲ್ಲಿ ಮೊದಲ ಸಲ ಅತ್ತಳು.