ಓಡಿಸುವ ಮಾತು

ಮೊದಲ ಏಟು ಕುಣಾಲನ ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಅವನು ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಕಾಂಕ್ರೀಟಿನ ಮೇಲೆ ಉರುಳಿದ. ಕೈಯಿಂದ ಜಾರಿದ ಸರ್ಕ್ಯೂಟ್ ಬೋರ್ಡನ್ನು ದುಂಡೇಶ ಚಪ್ಪಲಿಯಿಂದ ತುಳಿದು ಪುಡಿ ಮಾಡಿದ. ಯಾಕೆ ಹೊಡೆಯುತ್ತಿದ್ದಾನೆ ಎಂದು ಕುಣಾಲನಿಗೆ ತಿಳಿಯಲಿಲ್ಲ. ಹೊಡೆಯುವವನು ಸೌಂದರ್ಯಾಳ ಅಣ್ಣ ಎಂಬುದಷ್ಟೇ ಗೊತ್ತು.

ಎಲ್ಲದಕ್ಕೂ ಕಾರಣ ಫೋನಿನಲ್ಲಿ ಆಡಿದ ಒಂದು ಮಾತು.

ಕುಣಾಲ, ಸೌಂದರ್ಯಾ ಇಬ್ಬರೂ ಬಸ್ ಸ್ಟ್ಯಾಂಡ್ ಹಿಂದಿನ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದರು. ಕೃಷ್ಣೆಯ ನೀರು ಏರಿದರೆ ದಂಡೆಯ ಪಂಪನ್ನು ತಾನಾಗಿ ಬಂದ್ ಮಾಡುವ ಪೆಟ್ಟಿಗೆ ಅವರದು. ಅವಳು ತನ್ನೂರು ಜುಗೂಳದ ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುವವಳು, ಅವನು ಅದನ್ನು ಪೆಟ್ಟಿಗೆಯ ಬೋರ್ಡಿಗೆ ಹಾಕುವವನು. ಅವಳ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದದ್ದು ಅವನ ಬೋರ್ಡಿನಲ್ಲಿ ಓಡುತ್ತಿರಲಿಲ್ಲ. ಎರಡರ ಪ್ರೊಸೆಸರ್ ಬೇರೆ. ಸೆನ್ಸರ್ ಕೆಟ್ಟಾಗ ಬರುವ ಮೈನಸ್ ಒಂದನ್ನು ಅವಳದು ಸರಿಯಾಗಿ ಓದುತ್ತಿತ್ತು. ಅವನದು ಅದನ್ನೇ ಇನ್ನೂರ ಐವತ್ತೈದು ಎಂದು ಓದಿ, ಹೊಳೆ ಬಂತೆಂದು ಪಂಪು ನಿಲ್ಲಿಸುತ್ತಿತ್ತು.

ಇದೇ ನೆಪದಲ್ಲಿ ದಿನವೂ ಫೋನು. ತಪ್ಪೆಲ್ಲ ನಿನ್ನ ಬೋರ್ಡಿನದು ಎಂದು ಅವಳು ಕೆಣಕಿದರೆ, ನಿನ್ನ ಲ್ಯಾಪ್‌ಟಾಪಿಗೆ ಬಹಳ ಸೊಕ್ಕು ಎಂದು ಅವನು ಕಾಡುತ್ತಿದ್ದ. ಅವಳು ಆಫೀಸಿಗೆ ಬಂದ ದಿನ ಇಬ್ಬರೂ ಒಂದೇ ಸ್ಕ್ರೀನಿಗೆ ಬಗ್ಗುವರು. ಜಡೆಯಿಂದ ಜಾರಿದ ಅವಳ ಕೂದಲು ತೋಳಿಗೆ ತಾಗಿದರೆ ಅವನು ಓದುತ್ತಿದ್ದ ಸಾಲು ತಪ್ಪುತ್ತಿತ್ತು. ಅದು ಗೊತ್ತಾಗಿಯೂ ಅವಳು ಕೂದಲು ಸರಿಸುತ್ತಿರಲಿಲ್ಲ. ಪ್ರೀತಿ ಎಂಬ ಮಾತು ಮಾತ್ರ ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಅವಳದು ಕಬ್ಬಿನ ಹೊಲದ ಮನೆತನ, ಅವನ ಅಪ್ಪ ಅಂಥವರ ಹೊಲಕ್ಕೆ ಕೂಲಿಗೆ ಹೋದವನು.

ನಿನ್ನೆ ಕಡೆಗೂ ಪ್ರೋಗ್ರಾಮಿನ ತಪ್ಪು ಸಿಕ್ಕಿತ್ತು. ಸೌಂದರ್ಯಾಳ ಎರಡೂ ಕೈ ಕೀಬೋರ್ಡಿನ ಮೇಲಿದ್ದವು, ಫೋನು ಸ್ಪೀಕರಿನಲ್ಲಿತ್ತು.

"ನಾಳೆ ಬಸ್ ಸ್ಟ್ಯಾಂಡಿಗೆ ಬಾ. ಓಡಿಸ್ಕೊಂಡ ಸೀದಾ ಸತ್ತಿಗೆ ಹೋಗೂಣು," ಎಂದಿದ್ದ ಕುಣಾಲ.

ಪ್ರೋಗ್ರಾಂ ಓಡಿಸಿ ನೋಡಿ, ಪೆಟ್ಟಿಗೆ ಕೂರಿಸಲು ಸತ್ತಿ ಊರಿನ ಪಂಪಿಗೆ ಹೋಗೋಣ ಎಂದು ಅವನ ಅರ್ಥ. ಬಾಗಿಲಲ್ಲಿದ್ದ ದುಂಡೇಶನಿಗೆ ತಂಗಿ ಓಡಿಹೋಗುತ್ತಾಳೆ ಎಂದು ಅರ್ಥವಾಯಿತು. ಕುಣಾಲ ಒಮ್ಮೆ ಮನೆಗೆ ಬಂದಿದ್ದರಿಂದ ಮುಖದ ಗುರುತಿತ್ತು. ತಂಗಿಗೆ ಏನೂ ಅನ್ನದೆ, ಅವಳ ಬಸ್ಸಿಗಿಂತ ಮೊದಲೇ ಬೈಕಿನಲ್ಲಿ ಬಂದುಬಿಟ್ಟ.

ಈಗ ಅವನ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಬಸ್ಸಿಳಿದ ಸೌಂದರ್ಯಾ ಜನರನ್ನು ನೂಕಿ ನಡುವೆ ನುಗ್ಗಿದಳು. ಕೊಯ್ತಾ ಅವಳು ಎತ್ತಿ ಹಿಡಿದ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಕಚ್ಚಿಕೊಂಡಿತು. ಏದುಸಿರಿನಲ್ಲೇ ಅವಳು ಓಡಿಸುವುದೆಂದರೆ ಏನೆಂದು ಬಿಡಿಸಿ ಹೇಳಿದಳು, ಬೋರ್ಡಿನ ಚೂರು ತೋರಿಸಿದಳು. ಸುತ್ತ ನಿಂತವರಲ್ಲಿ ಒಬ್ಬ ನಕ್ಕ. ದುಂಡೇಶ ಬ್ಯಾಗಿನಿಂದ ಕೊಯ್ತಾ ಕಿತ್ತು ಕೆಳಗಿಳಿಸಿದ.

"ಹಂಗಾದ್ರ ನಿಮ್ಮಿಬ್ಬರ ನಡುವ ಏನೂ ಇಲ್ಲ?"

ಇಲ್ಲ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಕುಣಾಲ ರಕ್ತ ಉಗುಳಿ ಅದನ್ನೇ ಹೇಳಿದ. "ಏನೂ ಇಲ್ರಿ ಅಣ್ಣಾರ."

ಕೊಯ್ತಾಕ್ಕೆ ಹೆದರದ ಸೌಂದರ್ಯಾಳಿಗೆ ಆ ಮಾತು ತಡೆಯಲಾಗಲಿಲ್ಲ.

"ಐತಿ," ಎಂದಳು. "ಇಂವ ಸುಳ್ಳ ಹೇಳಾಕತ್ತಾನ. ನನಗ ಇಂವನ ಬೇಕು, ಅಣ್ಣಾ."

ಕೊಯ್ತಾ ಮತ್ತೆ ಎದ್ದಿತು, ಈ ಸಲ ಅವಳ ಮೇಲೆ. ಕುಣಾಲ ಎದ್ದವನೇ ಅದನ್ನು ಬರಿಗೈಯಲ್ಲಿ ಹಿಡಿದ. ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿಯಿತು, ಅವನು ಬಿಡಲಿಲ್ಲ. ಆಗ ಜನರಿಗೆ ಬುದ್ಧಿ ಬಂತು. ನಾಲ್ಕು ಮಂದಿ ದುಂಡೇಶನನ್ನು ಕೆಡವಿ ಹಿಡಿದರು.

ದವಾಖಾನೆಯಲ್ಲಿ ಹೊಲಿಗೆ ಹಾಕುವಾಗ ಅವಳು ಅವನ ಇನ್ನೊಂದು ಕೈ ಹಿಡಿದು ಕೂತಳು. ಯಾಕೆ ಇಲ್ಲ ಅಂದೆ ಎಂದು ಕೇಳಿದಳು. ನೀನು ಉಳಿಯಬೇಕಿತ್ತು, ಅದಕ್ಕೇ ಎಂದ ಅವನು.

"ಹಂಗ ಉಳದು ಏನ ಮಾಡ್ಲಿ?"

ಅವನು ನಗಲು ಹೋದ, ಒಡೆದ ತುಟಿ ಬಿಡಲಿಲ್ಲ. "ಭಾಳ ದಿನದಿಂದ ಐತಿ, ಸೌಂದರ್ಯಾ. ಹೇಳಾಕ ಧೈರ್ಯ ಇರಲಿಲ್ಲ."

ಅಷ್ಟರಲ್ಲಿ ಹವಾಲ್ದಾರ ಬಂದ. ಹೊಡೆದವರನ್ನು ಯಾರೂ ನೋಡಿಲ್ಲವಂತೆ ಎಂದ. ಬಸ್ ಸ್ಟ್ಯಾಂಡ್ ತುಂಬ ಜನ, ಎಲ್ಲರಿಗೂ ಕಣ್ಣಿದ್ದವು. ಆದರೆ ದುಂಡೇಶನ ಮನೆತನ ದೊಡ್ಡದು, ಕೆಡವಿ ಹಿಡಿದವರೇ ಅವನನ್ನು ಬಿಟ್ಟು ಕಳಿಸಿದ್ದರು. ಕುಣಾಲ ಅವಳ ಬೆರಳು ಒತ್ತಿ, ಬೇಡ ಎಂದು ತಲೆಯಾಡಿಸಿದ. ಬಾಯಿ ಬಿಟ್ಟರೆ ಜುಗೂಳದ ಮನೆಯ ಬಾಗಿಲು ಅವಳಿಗೆ ಮುಚ್ಚುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ನಾ ನೋಡೀನ್ರಿ," ಎಂದಳು ಸೌಂದರ್ಯಾ. "ಹೊಡದಾಂವ ನಮ್ಮಣ್ಣ. ಬರಕೋರಿ."

ಅಣ್ಣನ ಹೆಸರು ಹೇಳುವಾಗ ಅವಳು ಅತ್ತಳು.